ಮನೆ ಹೊರುವ ಹುಳ

ಈ ಸಲದ ಸಂಚಿಕೆಗೆ ಏನು ಕೊಡುತ್ತೀ ಎಂದು ಸಂಪಾದಕ ಮಿತ್ರರು ಕೇಳಿದಾಗ "ಒಂದು ಹುಳದ ಮೇಲೆ ಲೇಖನ" ಎಂದೆ. ಅವರು ನಕ್ಕುಬಿಟ್ಟರು. "ಕತೆಯಿಲ್ಲ, ಕವಿತೆಯಿಲ್ಲ, ಸಾಹಿತ್ಯ ಮಂಡಲದ ಪತ್ರಿಕೆಗೆ ಹುಳವೇ?" ಎಂದರು. ಆದರೆ ಓದುಗ ಮಿತ್ರರೇ, ಈ ಹುಳವನ್ನು ನೀವೆಲ್ಲರೂ ನೋಡಿದ್ದೀರಿ. ಬಹುಶಃ ಇವತ್ತು ಬೆಳಿಗ್ಗೆ ಹಲ್ಲುಜ್ಜುವಾಗಲೂ ನೋಡಿದ್ದೀರಿ. ಬಚ್ಚಲುಮನೆಯ ಗೋಡೆಗೆ ಅಂಟಿಕೊಂಡ ಬೂದುಬಣ್ಣದ ಒಂದು ಚಪ್ಪಟೆ ಬೀಜ. ಸೌತೆಬೀಜಕ್ಕಿಂತ ತುಸು ಅಗಲ. ಸುಣ್ಣದ ಹಕ್ಕಳೆಯೋ ಸಿಮೆಂಟಿನ ಚೂರೋ ಇರಬೇಕೆಂದು ಬಿಟ್ಟುಬಿಡುತ್ತೇವೆ. ಸಂಜೆ ನೋಡಿದರೆ ಅದು ಒಂದು ಗೇಣು ಮೇಲೆ ಹೋಗಿರುತ್ತದೆ! ಸುಣ್ಣದ ಚೂರು ನಡೆಯುವುದುಂಟೇ?

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿ, ಎಲ್ಲ ಕಡೆಯ ಮನೆಗಳಲ್ಲೂ ಇದು ಉಂಟು. ಖಾಡಿಯ ಗಾಳಿ, ನಾಲ್ಕು ತಿಂಗಳ ಮಳೆ, ಬಿಸಿಲೇ ಕಾಣದ ಒಳಗಿನ ಗೋಡೆ, ಇವು ಸೇರಿದಲ್ಲಿ ಇದಕ್ಕೆ ಸುಖ. ಹಾಗಿದ್ದೂ ನಮ್ಮ ಮನೆಯಲ್ಲಿ ಯಾರಿಗೂ ಇದರ ಹೆಸರು ಗೊತ್ತಿರಲಿಲ್ಲ. ಹೆಸರು ತಿಳಿಯಬೇಕಾದ ಒಂದು ಪ್ರಸಂಗ ಬಂತು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಕಂಬಳಿಯ ತೂತು

ಜುಲೈ ತಿಂಗಳು. ಅಕ್ಕ ಬಾಣಂತಿಯಾಗಿ ನಮ್ಮ ಡೊಂಬಿವಲಿಯ ಮನೆಯಲ್ಲೇ ಇದ್ದಳು. ಕೂಸಿಗೆ ಎರಡು ತಿಂಗಳು. ಕೂಸಿಗೆ ಥಂಡಿ ಆಗಬಾರದೆಂದು ಅವ್ವ ಟ್ರಂಕು ತೆರೆದು ಅಜ್ಜನ ಕಂಬಳಿಯನ್ನು ಹೊರಗೆ ತೆಗೆದಳು. ಅಜ್ಜ ಹೋಗಿ ಬಹಳ ವರ್ಷವಾಯಿತು, ಊರಿನ ಮನೆಯಿಂದ ನಮ್ಮ ಪಾಲಿಗೆ ಬಂದ ಅವನ ವಸ್ತು ಅದೊಂದೇ. ಕಂಬಳಿಯ ಒಂದು ಅಂಚಿನಲ್ಲಿ ನಾಲ್ಕೈದು ತೂತು. ತೂತಿನ ಪಕ್ಕದಲ್ಲೇ ಗೋಡೆಯ ಮೇಲೆ ಕಾಣುವ ಅದೇ ಬೂದು ಬೀಜಗಳು ಮೂರು.

ಅವ್ವನ ಸಿಟ್ಟು ನೆತ್ತಿಗೇರಿತು. "ಇವು ಹುಳಾ ಏನು? ನಾ ಇಷ್ಟ್ ದಿವಸ ಕಸಾ ಅಂತ ತಿಳದಿದ್ದೆ!" ಅಂದಳು. ಔಷಧಿ ಹೊಡೆಯುವವನೊಬ್ಬನನ್ನು ಕರೆಸಿದ್ದಾಯಿತು. ಅವನು ಗೋಡೆಗಳನ್ನೆಲ್ಲ ನೋಡಿ, "ಮನೆ ತುಂಬ ಇದೇ ಹುಳ. ಬಟ್ಟೆ ಒಂದೂ ಉಳಿಯುವುದಿಲ್ಲ. ಪೂರ್ತಿ ಮನೆಗೆ ಹೊಡೆಯಬೇಕು, ಎರಡು ದಿನ ಹೊರಗಿರಿ" ಎಂದ. ನಾಲ್ಕು ಅಂಕಿಯ ಮೊತ್ತ ಹೇಳಿದ. ಸುರಿಯುವ ಮಳೆಯಲ್ಲಿ ಎರಡು ತಿಂಗಳ ಕೂಸನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಹೋಗಿ ಬಂದಮೇಲೆ ಅದೇ ಗೋಡೆಯ ಪಕ್ಕ ತೊಟ್ಟಿಲು ತೂಗುವುದು ಹೇಗೆ? ನಾನು ಒಂದು ವಾರದ ವಾಯಿದೆ ಕೇಳಿದೆ. ಇದು ಯಾರು, ಇದರ ಕುಲ ಯಾವುದು, ತಿನ್ನುವುದು ಏನನ್ನು, ಇಷ್ಟು ತಿಳಿದ ಮೇಲೆ ಔಷಧಿ ಹೊಡೆಸೋಣ ಅಂದೆ. ಅಲ್ಲಿಂದ ನನ್ನ ಬಚ್ಚಲುಮನೆಯ ತಪಸ್ಸು ಶುರುವಾಯಿತು. ಒಳಗೆ ಅರ್ಧ ತಾಸು ಕೂತರೆ ಅವ್ವ ಹೊರಗಿನಿಂದ, "ಏನ್ ಮಾಡ್ಲಿಕ್ಕತ್ತೀ ಅಲ್ಲಿ? ಕಸಬರಿಗೀಲೆ ಒಂದು ಏಟು ಹಾಕಿದ್ರ ಮುಗೀತಲ್ಲ!" ಅನ್ನುವಳು.

ಎರಡು ಬಾಗಿಲಿನ ಮನೆ

ಗಾಜಿನ ಲೋಟದಲ್ಲಿ ಒಂದು ಬೀಜವನ್ನು ಹಾಕಿ ಸುಮ್ಮನೆ ಕಾದೆ. ಸ್ವಲ್ಪ ಹೊತ್ತಿಗೆ ಒಂದು ತುದಿಯಿಂದ ಕಂದುಬಣ್ಣದ ಪುಟ್ಟ ತಲೆ ಹೊರಗೆ ಬಂತು. ತಲೆಯ ಹಿಂದೆ ಮೂರು ಜೊತೆ ಕಾಲು. ಆ ಕಾಲುಗಳಿಂದ ನೆಲವನ್ನು ಹಿಡಿದು, ಮೈಯನ್ನು ಮುಂದಕ್ಕೆ ಚಾಚಿ, ಹಿಂದಿನ ಚೀಲವನ್ನು ದರದರ ಎಳೆದುಕೊಂಡು ನಡೆಯಿತು. ಕಡ್ಡಿ ಮುಟ್ಟಿಸಿದೆ. ತಟಕ್ಕನೆ ಒಳಗೆ ಹೋಯಿತು. ಐದು ನಿಮಿಷ ಬಿಟ್ಟು ಅದೇ ತಲೆ ಇನ್ನೊಂದು ತುದಿಯಿಂದ ಇಣುಕಿತು! ಈ ಮನೆಗೆ ಎರಡು ಬಾಗಿಲು. ಚೀಲದ ನಡುಭಾಗ ಅಗಲವಾಗಿರುವುದು ಸುಮ್ಮನೆ ಅಲ್ಲ, ಹುಳ ಒಳಗೇ ಹೊರಳಿ ತಿರುಗುವುದಕ್ಕೆ ಅಲ್ಲಿ ಜಾಗ.

ಪೂರ್ತಿ ಬೆಳೆದ ಚೀಲದ ಉದ್ದ 8 ರಿಂದ 14 ಮಿಲಿಮೀಟರ್, ಅಗಲ 3 ರಿಂದ 5 ಮಿಲಿಮೀಟರ್. ಒಳಗಿನ ಹುಳ ಸುಮಾರು 7 ಮಿಲಿಮೀಟರ್. ಮೈ ಬಿಳಿ. ಚೀಲದಿಂದ ಹೊರಗೆ ಚಾಚುವ ತಲೆ ಗಟ್ಟಿ ಕಂದು, ಅದರ ಹಿಂದಿನ ಮೂರು ಉಂಗುರಗಳ ಬೆನ್ನ ಮೇಲೂ ಕಪ್ಪು ಚಿಪ್ಪು. ಹೊರಗೆ ಕಾಣುವ ಭಾಗಕ್ಕೆ ಮಾತ್ರ ಕವಚ, ಒಳಗಿರುವ ಭಾಗ ಮೆತ್ತಗೆ. ಹಿಂಭಾಗದಲ್ಲಿ ಚಿಕ್ಕ ಚಿಕ್ಕ ಕೊಕ್ಕೆಗಳುಳ್ಳ ಮೊಂಡು ಕಾಲುಗಳಿವೆ, ಅವುಗಳಿಂದ ಚೀಲವನ್ನು ಒಳಗಿನಿಂದ ಕಚ್ಚಿಹಿಡಿಯುತ್ತದೆ. ಮುಂದಿನ ಕಾಲು ನಡೆಯುವುದಕ್ಕೆ, ಹಿಂದಿನ ಕಾಲು ಮನೆ ಹಿಡಿಯುವುದಕ್ಕೆ.

ಮನೆ ಕಟ್ಟುವ ರೀತಿ ಇನ್ನೂ ಚೆಂದ. ಮೊಟ್ಟೆಯೊಡೆದು ಬಂದ ಮರಿ ಮೊದಲು ತನ್ನ ಬಾಯಿಯ ರೇಷ್ಮೆಯಿಂದ ನೆಲಕ್ಕೆ ಎರಡೂ ತುದಿ ಅಂಟಿಸಿದ ಒಂದು ಕಮಾನು ಕಟ್ಟುತ್ತದೆ. ಕಮಾನಿನ ಹೊರಗೆ ಮರಳಿನ ಕಣ, ತುಕ್ಕಿನ ಪುಡಿ, ಕೂದಲಿನ ಎಳೆ, ಸತ್ತ ಕೀಟಗಳ ಚೂರು, ಏನು ಸಿಕ್ಕರೂ ಅದನ್ನು ಮೆತ್ತುತ್ತದೆ. ಒಳಗೆ ಮಾತ್ರ ಬರೀ ರೇಷ್ಮೆ. ಕಮಾನು ಬೆಳೆದು ಸುರಂಗವಾಗುತ್ತದೆ, ಸುರಂಗದ ಕೆಳಬದಿಯನ್ನೂ ಮುಚ್ಚಿದರೆ ನೆಲದಿಂದ ಬಿಡಿಸಿಕೊಂಡ ಕೊಳವೆ. ಆಮೇಲೆ ಮರಿ ಮನೆಯನ್ನು ಎಳೆದುಕೊಂಡು ಲೋಕಸಂಚಾರಕ್ಕೆ ಹೊರಡುತ್ತದೆ. ಪೊರೆ ಬಿಟ್ಟು ಬೆಳೆದಂತೆಲ್ಲ ಮನೆಯನ್ನೂ ಹಿಗ್ಗಿಸುತ್ತದೆ. ಇದ್ದ ಊರಿನ ಧೂಳೇ ಇದರ ಇಟ್ಟಿಗೆ. ನಮ್ಮ ಬಚ್ಚಲಿನ ಚೀಲಗಳು ಸುಣ್ಣ ಹತ್ತಿ ಬಿಳಿಚಿದ್ದವು. ಕಿಟಕಿಯ ಕಬ್ಬಿಣದ ಜಾಳಿಗೆಯ ಕೆಳಗಿದ್ದವು ತುಕ್ಕಿನ ಕಂದು.

ಚೀಲದಿಂದ ಪತಂಗ

ಇಷ್ಟೆಲ್ಲ ಆದರೂ ಇದು ಬಾಲ್ಯಾವಸ್ಥೆ ಮಾತ್ರ. ಬಹಳ ಮಂದಿಗೆ ಈ ಚೀಲದ ಹುಳವೂ ದೀಪದ ಸುತ್ತ ಹಾರುವ ಸಣ್ಣ ಬೂದು ಪತಂಗವೂ ಒಂದೇ ಜೀವ ಎಂದು ಗೊತ್ತಿಲ್ಲ. ಪನಾಮಾ ದೇಶದಲ್ಲಿ ಇದರ ಹತ್ತಿರದ ಬಂಧುವನ್ನು ಸಾಕಿ ನೋಡಿದ ಆನೆಟ್ ಐಯೆಲ್ಲೊ ಎಂಬ ವಿಜ್ಞಾನಿ 1979ರಲ್ಲಿ ಇದರ ಜೀವನಚರಿತ್ರೆಯನ್ನು ಪ್ರಕಟಿಸಿದರು. ಆ ಲೆಕ್ಕದ ಪ್ರಕಾರ ಮೊಟ್ಟೆಗೆ ಹತ್ತು ದಿನಕ್ಕಿಂತ ಸ್ವಲ್ಪ ಹೆಚ್ಚು, ಮರಿಹುಳುವಾಗಿ ಸುಮಾರು 50 ದಿನ, ಕೋಶಾವಸ್ಥೆಯಲ್ಲಿ ಸುಮಾರು 16 ದಿನ. ಒಟ್ಟು ಎರಡೂವರೆ ತಿಂಗಳ ಒಳಗೆ ಒಂದು ತಲೆಮಾರು.

ಕೋಶವಾಗುವ ಹೊತ್ತಿಗೆ ಹುಳ ಗೋಡೆ ಹತ್ತಿ ಚೀಲವನ್ನು ರೇಷ್ಮೆಯಿಂದ ಬಿಗಿದು ಒಳಗೆ ಕೂಡುತ್ತದೆ. ಪತಂಗ ಹೊರಬೀಳುವ ಮುನ್ನ ಕೋಶ ಚೀಲದ ತುದಿಯಿಂದ ಅರ್ಧ ಹೊರಗೆ ತೂರಿಕೊಳ್ಳುತ್ತದೆ. ಪತಂಗ ಹಾರಿಹೋದ ಮೇಲೂ ಆ ತೆಳು ಕಂದು ಸಿಪ್ಪೆ ಬಾಗಿಲಲ್ಲೇ ಸಿಕ್ಕಿಕೊಂಡಿರುತ್ತದೆ. ಅಂಥ ಚೀಲ ಕಂಡರೆ ಮನೆ ಖಾಲಿ ಎಂದು ತಿಳಿಯಿರಿ.

ಪತಂಗದ ರೂಪ ಹೀಗೆ. ಹೆಣ್ಣಿನ ರೆಕ್ಕೆ ಬಿಚ್ಚಿದ ಅಗಲ 10 ರಿಂದ 13 ಮಿಲಿಮೀಟರ್, ಗಂಡು ಇನ್ನೂ ಸಣ್ಣದು, 7 ರಿಂದ 9. ಬಣ್ಣ ಬೂದು. ಮುಂದಿನ ರೆಕ್ಕೆಯ ಮೇಲೆ ನಾಲ್ಕರವರೆಗೆ ಕಪ್ಪು ಮಚ್ಚೆ, ಹೆಣ್ಣಿನಲ್ಲಿ ಸ್ಪಷ್ಟ, ಗಂಡಿನಲ್ಲಿ ಮಸುಕು. ಹಿಂದಿನ ರೆಕ್ಕೆಯ ಅಂಚಿಗೆ ಉದ್ದನೆಯ ನವಿರಾದ ಕೂದಲಿನ ಕುಚ್ಚು. ತಲೆಯ ಮೇಲೆ ಬಾಚದೆ ಬಿಟ್ಟ ಕೂದಲಿನಂತೆ ಕೆದರಿದ ಶಲ್ಕಗಳು. ಕೂತಾಗ ರೆಕ್ಕೆಗಳನ್ನು ಮೈಮೇಲೆ ಮಾಳಿಗೆಯ ಇಳಿಜಾರಿನಂತೆ ಇಳಿಬಿಡುತ್ತದೆ. ಭೂತಗನ್ನಡಿಯಿಲ್ಲದೆ ನೋಡಿದರೆ ಒಂದು ಚಿಟಿಕೆ ಬೂದಿ, ಅಷ್ಟೆ. ಯೇವೂರು ಗುಡ್ಡದ ಕಾಡಿನಲ್ಲಿ ಅಂಗೈಗಿಂತ ದೊಡ್ಡದಾದ ಅಟ್ಲಾಸ್ ಪತಂಗ ಕಂಡರೆ ಜನ ಫೋಟೋ ತೆಗೆಯುತ್ತಾರೆ. ಇದರ ಫೋಟೋ ಯಾರು ತೆಗೆದಾರು!

ಕುಲಗೋತ್ರ

ಈಗ ವರ್ಗೀಕರಣದ ಮಾತು. ಪಾಠದ ಹಾಗೆ ಬಾಯಿಪಾಠ ಮಾಡಬೇಕಾದ್ದಿಲ್ಲ, ನಮ್ಮ ಕಂಬಳಿಯ ಮೊಕದ್ದಮೆಯೇ ಇದರಲ್ಲಿ ಉಂಟು.

ಚಿಟ್ಟೆಗಳೂ ಪತಂಗಗಳೂ ಒಂದೇ ಗಣದವು. ಗಣದ ಹೆಸರು ಲೆಪಿಡಾಪ್ಟೆರಾ. ಗ್ರೀಕಿನಲ್ಲಿ 'ಶಲ್ಕದ ರೆಕ್ಕೆ' ಎಂದು ಅರ್ಥ. ಬೆರಳಿಗೆ ಹತ್ತುವ ಪುಡಿಯೇ ಆ ಶಲ್ಕ. ಜಗತ್ತಿನಲ್ಲಿ ಈ ಗಣದ ಒಂದೂವರೆ ಲಕ್ಷಕ್ಕೂ ಮಿಕ್ಕಿದ ಪ್ರಭೇದಗಳಿಗೆ ಹೆಸರಿಟ್ಟಾಗಿದೆ, ಅದರಲ್ಲಿ ಬಹುಪಾಲು ಪತಂಗಗಳೇ. ಗಣದೊಳಗೆ ಕುಟುಂಬಗಳು. ನಮ್ಮ ಹುಳದ ಕುಟುಂಬ ಟಿನೀಡೀ. ಟಿನಿಯಾ ಎಂದರೆ ಲ್ಯಾಟಿನ್ನಿನಲ್ಲಿ ಬಟ್ಟೆ ತಿನ್ನುವ ಹುಳ. ಉಳಿದ ಪತಂಗಗಳ ಮಕ್ಕಳು ಹಸಿರೆಲೆ ತಿಂದರೆ ಈ ಕುಟುಂಬದವರ ದಾರಿ ಬೇರೆ. ಕೂದಲು, ಗರಿ, ಉಣ್ಣೆ, ಬೂಷ್ಟು, ಒಣಗಿದ ಪದಾರ್ಥ, ಅಂದರೆ ಬೇರೆಯವರು ಬಿಟ್ಟದ್ದು ಇವರ ಊಟ.

ಗಿಡಗಳಲ್ಲಿ ಕಡ್ಡಿ, ಎಲೆಚೂರು ಸೇರಿಸಿ ಚೀಲ ಕಟ್ಟಿ ನೇತಾಡುವ ಹುಳಗಳನ್ನು ನೀವು ನೋಡಿರಬಹುದು. ಅವೂ ಇವೂ ಒಂದೇ ಎಂದುಕೊಳ್ಳಬೇಡಿ. ಅವು ಸೈಕಿಡೀ ಎಂಬ ನೆರೆಯ ಕುಟುಂಬದವು, ದಾಯಾದಿಗಳು.

ಟಿನೀಡೀ ಕುಟುಂಬದಲ್ಲಿ ಬಟ್ಟೆಗೆ ನಿಜವಾದ ಶತ್ರುಗಳು ಇಬ್ಬರು ಪ್ರಸಿದ್ಧರು. ಒಂದು ಟಿನಿಯಾ ಪೆಲ್ಲಿಯೋನೆಲ್ಲಾ, 1758ರಲ್ಲಿ ಲಿನ್ನೇಯಸ್ ಹೆಸರಿಟ್ಟದ್ದು. ಇದರ ಮರಿಗೂ ಚೀಲ ಉಂಟು, ಆದರೆ ಅದು ಬಹುಮಟ್ಟಿಗೆ ಬಟ್ಟೆಯದೇ ಎಳೆಗಳಿಂದ ಮಾಡಿದ ಕೊಳವೆ, ನಮ್ಮದರಂತೆ ಮರಳು ಮೆತ್ತಿದ ಚಪ್ಪಟೆ ಬೀಜವಲ್ಲ. ಇನ್ನೊಂದು ಟಿನಿಯೋಲಾ ಬಿಸ್ಸೆಲ್ಲಿಯೆಲ್ಲಾ, 1823ರಲ್ಲಿ ಹೆಸರು ಪಡೆದದ್ದು. ಇದು ಹೊತ್ತು ತಿರುಗುವ ಚೀಲ ಕಟ್ಟುವುದೇ ಇಲ್ಲ, ಬಟ್ಟೆಯ ಮೇಲೆಯೇ ರೇಷ್ಮೆಯ ಬಲೆ ಹಾಸಿ ಅದರ ಕೆಳಗೆ ಮೇಯುತ್ತದೆ. ಔಷಧಿಯವನು ಈ ಎಲ್ಲರನ್ನೂ ಒಟ್ಟಿಗೆ 'ಬಟ್ಟೆ ತಿನ್ನುವ ಹುಳ' ಎಂದುಬಿಟ್ಟ. ಲೋಕಲ್ ಗಾಡಿಯಲ್ಲಿ ನಾವು ಕನ್ನಡ ಮಾತಾಡಿದ ಕೂಡಲೇ ಪಕ್ಕದವರು 'ಮದ್ರಾಸಿ' ಅನ್ನುವುದಿಲ್ಲವೇ, ಹಾಗೆ. ದೂರದಿಂದ ನೋಡುವವರಿಗೆ ಎಲ್ಲರೂ ಒಂದೇ. ಹತ್ತಿರ ಬಂದು ನೋಡುವುದಕ್ಕೇ ವರ್ಗೀಕರಣ ಎಂದು ಹೆಸರು.

ಕಂಸದೊಳಗಿನ ಹೆಸರು

ಪಂಡಿತರೂ ಮೊದಲು ದೂರದಿಂದಲೇ ನೋಡಿದರು. ಲಾರ್ಡ್ ವಾಲ್ಸಿಂಗಂ ಎಂಬ ಇಂಗ್ಲಿಷ್ ಪತಂಗ ಸಂಗ್ರಾಹಕ 1897ರಲ್ಲಿ ವೆಸ್ಟ್ ಇಂಡೀಸಿನ ಒಂದು ಸಣ್ಣ ಪತಂಗಕ್ಕೆ ಟಿನಿಯೋಲಾ ಯುಟೆರೆಲ್ಲಾ ಎಂದು ಹೆಸರಿಟ್ಟ. ಅಂದರೆ ಬಟ್ಟೆಯ ಶತ್ರುವಿನ ಕುಲದಲ್ಲೇ ಸೇರಿಸಿದ. ಅದಕ್ಕೂ ಮುಂಚೆ, 1892ರಲ್ಲಿ, ರೇಬೆಲ್ ಎಂಬವರು ಕೆನರಿ ದ್ವೀಪಗಳ ಇಂಥದೇ ಇನ್ನೊಂದಕ್ಕೆ ಅಲ್ಲುಟೆಲ್ಲಾ ಎಂದು ಹೆಸರಿಟ್ಟಿದ್ದರು. ಮುಂದೆ ಅಮೆರಿಕದ ಫ್ಲಾರಿಡಾದ ಮನೆಗಳ ಗೋಡೆಯಲ್ಲಿ ಇದೇ ಹುಳ ಕಂಡಿತು. 1930ರ ದಶಕದಲ್ಲಿ ಬುಸ್ಕ್ ಎಂಬ ವಿದ್ವಾಂಸ ಇದು ಬೇರೆಯೇ ಎಂದು ಬಗೆದು, ವಾಲ್ಸಿಂಗಂನ ಗೌರವಾರ್ಥವಾಗಿ ವಾಲ್ಸಿಂಗಮಿ ಎಂದು ಕರೆದ. ಕೊನೆಗೆ ನೋಡಿದರೆ ಅದು ವಾಲ್ಸಿಂಗಂ ಆಗಲೇ ಹೆಸರಿಟ್ಟಿದ್ದ ಯುಟೆರೆಲ್ಲಾವೇ! ಒಬ್ಬನ ಮಗುವಿಗೆ ಅವನದೇ ಹೆಸರಿಟ್ಟು ಅವನಿಗೇ ಕಾಣಿಕೆ ಕೊಟ್ಟಂತಾಯಿತು. ಶಾಸ್ತ್ರದ ನಿಯಮದಂತೆ ಮೊದಲು ಇಟ್ಟ ಹೆಸರು ನಿಂತಿತು.

1956ರಲ್ಲಿ ಹಿಂಟನ್ ಮತ್ತು ಬ್ರಾಡ್ಲಿ ಎಂಬಿಬ್ಬರು ಈ ಚಪ್ಪಟೆ ಚೀಲದವರನ್ನು ಟಿನಿಯೋಲಾದಿಂದ ಬಿಡಿಸಿ ಪ್ರತ್ಯೇಕ ಕುಲ ಮಾಡಿದರು. ಅದರ ಹೆಸರು ಫೆರಿಯೋಯೀಕಾ. ಗ್ರೀಕಿನಲ್ಲಿ 'ಮನೆ ಹೊರುವವ' ಎಂದು ಅರ್ಥ. ಪ್ರಾಚೀನ ಗ್ರೀಕ್ ಕವಿ ಹೆಸಿಯಡ್ ಬಸವನಹುಳುವಿಗೆ ಬಳಸಿದ ಮಾತು ಅದು. ಹುಳಕ್ಕೆ ಹೆಸರಿಡುವಲ್ಲಿ ಸಾಹಿತ್ಯ ಬಂತೋ ಇಲ್ಲವೋ, ಸಂಪಾದಕರೇ!

ಹೆಸರಿನ ಎರಡು ಭಾಗದಲ್ಲಿ ಮೊದಲನೆಯದು ಕುಲದ್ದು, ಎರಡನೆಯದು ಪ್ರಭೇದದ್ದು. ನಮ್ಮ ಮಹಾರಾಷ್ಟ್ರದ ಹಾಜರಿಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಸ್ವಂತ ಹೆಸರು ಆಮೇಲೆ ಬರುತ್ತದಲ್ಲ, ಹಾಗೆಯೇ. 'ಎಲ್ಲಾ' ಎಂಬ ಬಾಲವೂ ಸುಮ್ಮನೆ ಬಂದದ್ದಲ್ಲ. ಲಿನ್ನೇಯಸ್ 1758ರ ತನ್ನ ಗ್ರಂಥದಲ್ಲಿ ಟಿನಿಯಾ ಗುಂಪಿನ ಸಣ್ಣ ಪತಂಗಗಳ ಹೆಸರನ್ನು ಈ ಬಾಲದಿಂದಲೇ ಮುಗಿಸಿದ. ಬಾಲ ನೋಡಿದರೆ ಸಾಕು, ಗುಂಪು ತಿಳಿಯುತ್ತಿತ್ತು.

ಇನ್ನೊಂದು ಸೂಕ್ಷ್ಮವಿದೆ. ಈ ಹುಳದ ಪೂರ್ತಿ ಹೆಸರನ್ನು ಬರೆಯುವಾಗ 'ಫೆರಿಯೋಯೀಕಾ ಯುಟೆರೆಲ್ಲಾ (ವಾಲ್ಸಿಂಗಂ, 1897)' ಎಂದು ಬರೆಯುತ್ತಾರೆ. ಆ ಕಂಸಕ್ಕೆ ಅರ್ಥವುಂಟು. ಹೆಸರಿಟ್ಟವನು ಮೊದಲು ಸೇರಿಸಿದ ಕುಲವೇ ಇವತ್ತಿಗೂ ಇದ್ದರೆ ಅವನ ಹೆಸರಿಗೆ ಕಂಸವಿಲ್ಲ. ಪ್ರಭೇದ ಆಮೇಲೆ ಬೇರೆ ಕುಲಕ್ಕೆ ಹೋಗಿದ್ದರೆ ಮಾತ್ರ ಕಂಸ. ಅಂದರೆ ವರ್ಗಾವಣೆಯ ಮೊಹರು. ತಿದ್ದಿದ್ದನ್ನು ಅಳಿಸಿ ಮುಚ್ಚಿಡದೆ, ಮೊದಲು ನೋಡಿದವನನ್ನು ಮರೆಯದೆ, ತಪ್ಪನ್ನೂ ತಿದ್ದಿದ್ದನ್ನೂ ಎರಡು ಗೆರೆಯಲ್ಲಿ ಹಿಡಿದಿಡುವ ಈ ಪದ್ಧತಿ ನನಗೆ ಬಹಳ ಹಿಡಿಸಿತು.

ಹಾಗಾದರೆ ಡೊಂಬಿವಲಿಯ ಗೋಡೆಯಲ್ಲಿರುವುದು ಯುಟೆರೆಲ್ಲಾವೋ ಅಲ್ಲುಟೆಲ್ಲಾವೋ? ಚಪ್ಪಟೆ ಚೀಲ ನೋಡಿ ಫೆರಿಯೋಯೀಕಾ ಕುಲ ಎಂದು ಹೇಳಬಹುದು. ಪ್ರಭೇದ ಹೇಳಲು ಚೀಲ ಸಾಲದು. ಇಂಥ ಸಣ್ಣ ಪತಂಗಗಳಲ್ಲಿ ರೆಕ್ಕೆಯ ಮಚ್ಚೆಯೂ ಮೋಸ ಮಾಡುತ್ತದೆ. ಜನನಾಂಗದ ಗಟ್ಟಿ ಭಾಗಗಳನ್ನು ಬಿಡಿಸಿ ಸೂಕ್ಷ್ಮದರ್ಶಕದ ಕೆಳಗೆ ನೋಡಿದಾಗಲೇ ತೀರ್ಪು. ಅದಿಲ್ಲದೆ ಕುಲದ ಹೆಸರು ಹೇಳಿ ಅಲ್ಲಿಗೇ ನಿಲ್ಲುವುದು ಪ್ರಾಮಾಣಿಕತನ. ನಾನೂ ಅಲ್ಲೇ ನಿಲ್ಲುತ್ತೇನೆ.

ಈ ಸಣ್ಣವರ ಕಡೆ ನಮ್ಮ ದೇಶದಲ್ಲಿ ಕಣ್ಣು ಬಿದ್ದದ್ದೂ ತಡವಾಗಿಯೇ. ಹ್ಯಾಂಪ್ಸನ್ 1892 ರಿಂದ 1896ರವರೆಗೆ ಹೊರತಂದ ಭಾರತದ ಪತಂಗಗಳ ನಾಲ್ಕು ದೊಡ್ಡ ಸಂಪುಟಗಳಲ್ಲಿ ಟಿನೀಡೀ ಕುಟುಂಬಕ್ಕೆ ಜಾಗ ಸಿಗಲಿಲ್ಲ. ಸಣ್ಣ ಪತಂಗಗಳ ಕೆಲಸವನ್ನು ಹೊತ್ತವನು ಎಡ್ವರ್ಡ್ ಮೇರಿಕ್, ಇಂಗ್ಲೆಂಡಿನ ಒಬ್ಬ ಶಾಲಾಮಾಸ್ತರ. ಭಾರತಕ್ಕೆ ಬಾರದೆಯೇ, ಇಲ್ಲಿಯವರು ಕಳಿಸಿದ ಮಾದರಿಗಳನ್ನು ನೋಡಿ ಸಾವಿರಾರು ಪ್ರಭೇದಗಳನ್ನು ವರ್ಣಿಸಿದ. ಅವನ ಪುಟಗಳಲ್ಲಿ ಕಾರವಾರ, ಕೊಡಗು ಎಂಬ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಕನ್ನಡ ನಾಡಿನ ಧೂಳಿನಂಥ ಜೀವಗಳು ಲಂಡನ್ನಿನ ವಸ್ತುಸಂಗ್ರಹಾಲಯದ ಪೆಟ್ಟಿಗೆಗಳಲ್ಲಿ ಊರಿನ ಹೆಸರು ಹೊತ್ತು ಕೂತಿವೆ.

ತೀರ್ಪು

ಒಂದು ವಾರ ಮುಗಿಯಿತು. ಅವ್ವನ ಮುಂದೆ ನನ್ನ ವರದಿ ಇಟ್ಟೆ.

ಗೋಡೆಯ ಹುಳದ ಮುಖ್ಯ ಆಹಾರ ಹಳೆಯ ಜೇಡರಬಲೆ, ಉದುರಿದ ತಲೆಕೂದಲು, ಸತ್ತ ಸೊಳ್ಳೆಯಂಥ ಕೀಟಗಳ ಅವಶೇಷ. ಉಣ್ಣೆ ಸಿಕ್ಕರೆ ಬಿಡುವುದಿಲ್ಲ, ಇದೂ ಸತ್ಯ. ಕಂಬಳಿಯ ಮೇಲಿದ್ದ ಮೂರು ಚೀಲಗಳನ್ನು ಭೂತಗನ್ನಡಿಯಲ್ಲಿ ನೋಡಿದಾಗ ಅಂಚಿಗೆ ಕರಿ ಉಣ್ಣೆಯ ಎಳೆಗಳು ಅಂಟಿಕೊಂಡಿದ್ದವು. ಆ ಮೂರು ಅಪರಾಧಿಗಳು ಹೌದು. ಆದರೆ ಕಂಬಳಿಯ ಕೆಳಗೇ ಇದ್ದ ಹತ್ತಿಯ ಕೌದಿಗೆ ಒಂದು ತೂತೂ ಇರಲಿಲ್ಲ, ಹತ್ತಿ ಇವಕ್ಕೆ ರುಚಿಸುವುದಿಲ್ಲ. ಗೋಡೆಯ ಮೇಲಿನ ಚೀಲಗಳಲ್ಲಿ ಉಣ್ಣೆಯ ಎಳೆ ಎಲ್ಲೂ ಕಾಣಲಿಲ್ಲ. ಇವು ಕಚ್ಚುವುದಿಲ್ಲ, ಕೂಸಿಗೆ ಹೆದರಿಕೆಯಿಲ್ಲ. ಹುಳ ಬೇಡವಾದರೆ ಜೇಡರಬಲೆ ತೆಗೆದು, ಮೂಲೆ ಗುಡಿಸಿ, ಚೀಲಗಳನ್ನು ಕೈಯಿಂದ ಆರಿಸಿ ಹಾಕಿ, ಗೋಡೆ ಒಣಗುವಂತೆ ಗಾಳಿ ಬಿಟ್ಟರೆ ಸಾಕು. ಊಟ ನಿಂತರೆ ಅತಿಥಿ ತಾನೇ ನಿಲ್ಲುವುದಿಲ್ಲ.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಂದ್ರ ಜೇಡರಬಲಿ ತೆಗೀದ ತಪ್ಪು ನಂದು ಅನ್ನು!" ಅಂದಳು. ಔಷಧಿಯವನಿಗೆ ಬೇಡವೆಂದು ಹೇಳಿ ಕಳಿಸಿದ್ದಾಯಿತು. ಮಳೆ ಬಿಟ್ಟ ಒಂದು ಮಧ್ಯಾಹ್ನ ಕಂಬಳಿಯನ್ನು ಬಿಸಿಲಿಗೆ ಹಾಕಿ, ಕೊಡವಿ, ತೂತುಗಳಿಗೆ ಅವ್ವ ಕರಿ ಉಣ್ಣೆಯ ದಾರದಿಂದ ಹೊಲಿಗೆ ಹಾಕಿದಳು. ಈಗ ಅದು ಬಿಗಿಯಾಗಿ ಕಟ್ಟಿದ ಚೀಲದಲ್ಲಿದೆ. ಬಚ್ಚಲುಮನೆಯ ಮೇಲಿನ ಮೂಲೆಯಲ್ಲಿ ಒಂದೆರಡು ಬೀಜ ಈಗಲೂ ಉಂಟು. ಕಂಡರೂ ಅವ್ವ ಕಸಬರಿಗೆ ಎತ್ತುವುದಿಲ್ಲ. "ನಿನ್ನ ಮನೀ ಹೊರಾವ ಅಲ್ಲಿ ಹೊಂಟಾನ ನೋಡು" ಅನ್ನುತ್ತಾಳೆ. ಕಸವಾಗಿದ್ದದ್ದು ಹುಳವಾಯಿತು, ಹುಳ ಹೋಗಿ 'ಹೊರಾವ' ಆದ. ಹೆಸರು ತಿಳಿದರೆ ಇಷ್ಟು ವ್ಯತ್ಯಾಸ ಆಗುತ್ತದೆ.

ಮಿತ್ರರೇ, ಇವತ್ತು ಮನೆಗೆ ಹೋದಮೇಲೆ ನಿಮ್ಮ ಗೋಡೆಯನ್ನೊಮ್ಮೆ ನೋಡಿ. ಕಲ್ಯಾಣದ ಹಳೆ ಚಾಳಿನದು, ಥಾಣೆಯ ಹೊಸ ಕಟ್ಟಡದ್ದು, ನೆರೂಳಿನದು, ಪ್ರತಿಯೊಂದರ ಚೀಲದ ಬಣ್ಣ ಬೇರೆ ಇದ್ದೀತು. ತಾರೀಖು, ಜಾಗ, ಬಣ್ಣ ಬರೆದಿಟ್ಟು ನನಗೆ ಕೊಡಿ. ನಮ್ಮಲ್ಲಿ ಬಹಳ ಮಂದಿಯ ಮನೆತನವೂ ಒಂದು ಊರಿನಲ್ಲಿ ಹೆಸರು ಪಡೆದು ಇನ್ನೊಂದು ಊರಿಗೆ ಬಂದದ್ದೇ. ಗದಗು, ಕುಂದಾಪುರ, ವಿಜಾಪುರ ಎಂದು ಕಂಸದೊಳಗೆ ಬರೆದುಕೊಂಡು, ಇಲ್ಲಿಯ ಧೂಳಿನಿಂದಲೇ ಮನೆ ಕಟ್ಟಿಕೊಂಡವರು ನಾವು. ನಮ್ಮಂಥ ಇನ್ನೊಬ್ಬನನ್ನು ಹೆಸರು ಹಿಡಿದು ಕರೆಯಲು ಎಷ್ಟು ಹೊತ್ತು ಬೇಕು?